ನಲವತ್ತೋ ಐವತ್ತೋ: ಒಂದು ಮಾರಿಸ್ ಮೈನರ್ ಎಂಜಿನ್ನಿನ ಟಾರ್ಕ್ ಅಂಕಿಗಳನ್ನು ಹುಡುಕಿದ ಪ್ರಕರಣ

ಎಂಜಿನ್ನಿನ ಮೇಲ್ಭಾಗವನ್ನು ಮುಚ್ಚುವ ಸಿಲಿಂಡರ್ ಹೆಡ್ಡಿನ ಒಂದೇ ನಟ್ಟಿಗೆ, ಎಷ್ಟು ತಿರುಚು ಬಲದಿಂದ ಬಿಗಿಯಬೇಕು ಎಂದು ಹೇಳುವ ಮೂರು ಟಾರ್ಕ್ ಅಂಕಿಗಳು ನಮ್ಮ ಮುಂದಿದ್ದವು. ಮನೆಯಲ್ಲಿ ಉಳಿದಿದ್ದ ಹಳೆಯ ಕೈಪಿಡಿ 40 ಪೌಂಡ್-ಅಡಿ (ಒಂದು ಅಡಿ ಉದ್ದದ ಹಿಡಿಯ ತುದಿಯನ್ನು 40 ಪೌಂಡ್ ಬಲದಿಂದ ಎಳೆದಷ್ಟು) ಎನ್ನುತ್ತಿತ್ತು. ಮೂರು ವರ್ಷಗಳ ಹಿಂದೆ ಎಂಜಿನ್ನನ್ನು ಬಿಚ್ಚಿ ಜೋಡಿಸಿದ್ದ ಗ್ಯಾರೇಜಿನವರು ಬಿಲ್ಲಿನ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ 50 ಎಂದು ಗುರುತು ಹಾಕಿದ್ದರು. ಕಾರಿನ ಮೊದಲ ಮಾಲೀಕರ ಟಿಪ್ಪಣಿ ಪುಸ್ತಕದಲ್ಲಿ, ಯಾವ ಮಾನವೆಂಬ ಸೂಚನೆಯೇ ಇಲ್ಲದೆ, ‘ಹೆಡ್ 5.5’ ಎಂದಷ್ಟೇ ಇತ್ತು. ಈ ಮೂರರಲ್ಲಿ ಯಾವುದನ್ನು ನಂಬಬೇಕು, ಏಕೆ ನಂಬಬೇಕು ಎಂಬುದನ್ನು ತೀರ್ಮಾನಿಸಲು ನಮಗೆ ಸುಮಾರು ಎರಡು ತಿಂಗಳು ಹಿಡಿಯಿತು. ಆ ಹುಡುಕಾಟ ಎಲ್ಲಿಂದ ಹೊರಟು ಎಲ್ಲಿ ಮುಟ್ಟಿತು ಎಂಬುದನ್ನು, ಹಳೆಯ ಎಂಜಿನ್ನಿಗೆ ಕೈ ಹಾಕುವ ಇತರರಿಗೂ ಉಪಯೋಗವಾಗಲಿ ಎಂದು, ಇಲ್ಲಿ ವಿವರವಾಗಿ ದಾಖಲಿಸುತ್ತಿದ್ದೇನೆ.

ಕಾರು ಮತ್ತು ಅದರ ತೊಂದರೆ

ಸಕಲೇಶಪುರದ ಕಡೆಯ ಒಂದು ಕಾಫಿ ತೋಟದ ಮನೆಗೆ ಸೇರಿದ, 1960ರಲ್ಲಿ ತಯಾರಾದ ಎರಡು ಬಾಗಿಲಿನ ಮಾರಿಸ್ ಮೈನರ್ 1000 ಅದು. ಅಲೆಕ್ ಇಸಿಗೋನಿಸ್ ರೂಪಿಸಿದ ಮೈನರ್ ಕಾರು 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡು, 1971ರವರೆಗೆ ತಯಾರಾಗಿ, ಒಟ್ಟು 16 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ರಸ್ತೆಗಿಳಿಯಿತು. ಈ ಅವಧಿಯಲ್ಲಿ ಅದರ ಎಂಜಿನ್ ಒಂದೇ ಆಗಿರಲಿಲ್ಲ ಎಂಬುದನ್ನು ಆರಂಭದಲ್ಲೇ ಹೇಳಬೇಕು. ಮೊದಲು 918 ಸಿಸಿಯ ಸೈಡ್ ವಾಲ್ವ್ ಎಂಜಿನ್ ಇತ್ತು. ಆಸ್ಟಿನ್ ಮತ್ತು ಮಾರಿಸ್ ಕಂಪನಿಗಳು 1952ರಲ್ಲಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನಲ್ಲಿ ಒಂದಾದ ಮೇಲೆ ಆಸ್ಟಿನ್ನಿನ ‘ಎ’ ಸರಣಿಯ 803 ಸಿಸಿ ಎಂಜಿನ್ ಬಂತು. 1956ರಲ್ಲಿ ಅದೇ ಸರಣಿಯ 948 ಸಿಸಿ, 1962ರಲ್ಲಿ 1098 ಸಿಸಿ ಎಂಜಿನ್‌ಗಳು ಬಂದವು.

ತೋಟದ ಮನೆಯ ಕಾರು ಹಲವು ವರ್ಷ ಕೊಟ್ಟಿಗೆಯಲ್ಲಿ ನಿಂತಿತ್ತು. ಮೂರು ವರ್ಷಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿ, ಹೊಸ ಗ್ಯಾಸ್ಕೆಟ್ (ಹೆಡ್ಡಿಗೂ ಅದರಡಿಯ ಎಂಜಿನ್ ಬ್ಲಾಕಿಗೂ ನಡುವೆ ಸೋರಿಕೆ ತಡೆಯುವ ಹಾಳೆ) ಹಾಕಿ ಓಡಿಸಲಾಯಿತು. ಎರಡು ಸಾವಿರ ಕಿಲೋಮೀಟರ್ ತುಂಬುವ ಹೊತ್ತಿಗೆ ರೇಡಿಯೇಟರಿನ ನೀರು ಕಡಿಮೆಯಾಗತೊಡಗಿತು, ಏರುದಾರಿಯಲ್ಲಿ ಎಂಜಿನ್ ಮುಗ್ಗರಿಸತೊಡಗಿತು. ಮೈಸೂರಿನ ನಮ್ಮ ಶೆಡ್ಡಿಗೆ ಕಾರು ಬಂದಾಗ ಕಂಪ್ರೆಷನ್ ಪರೀಕ್ಷೆ ಮಾಡಿದೆವು. ಒಂದನೆಯ ಮತ್ತು ನಾಲ್ಕನೆಯ ಸಿಲಿಂಡರುಗಳು ಆರೋಗ್ಯವಾಗಿದ್ದವು. ನಡುವಿನ ಎರಡರಲ್ಲೂ ಒತ್ತಡ ಅರ್ಧಕ್ಕೆ ಇಳಿದಿತ್ತು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಸೋತರೆ ಅವುಗಳ ನಡುವಿನ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆಯೇ ಹೆಚ್ಚು. ಹೆಡ್ ಎತ್ತಿದಾಗ ಕಂಡದ್ದೂ ಅದೇ: ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ನಡುವೆ ತಾಮ್ರದ ಹಾಳೆಯಲ್ಲಿ ಕಪ್ಪು ಕಾಲುವೆಯೊಂದು ಬಿದ್ದಿತ್ತು.

ಗ್ಯಾಸ್ಕೆಟ್ ಬದಲಿಸಿ ಮುಚ್ಚಿಬಿಡುವುದು ಸುಲಭವಾಗಿತ್ತು. ಆದರೆ ಹೊಸ ಗ್ಯಾಸ್ಕೆಟ್ ಎರಡು ಸಾವಿರ ಕಿಲೋಮೀಟರಿಗೆ ಸುಟ್ಟಿದ್ದರೆ ದೋಷ ಗ್ಯಾಸ್ಕೆಟ್ಟಿನದಲ್ಲ, ಅದನ್ನು ಒತ್ತಿ ಹಿಡಿದ ರೀತಿಯದು ಎಂದು ನನಗೆ ಅನಿಸಿತು. ಮೂವತ್ತು ವರ್ಷ ಗ್ಯಾರೇಜು ನಡೆಸಿದ ಅನುಭವವಿರುವ, ಈ ಕೆಲಸದಲ್ಲಿ ನನ್ನೊಡನಿದ್ದ ಮೇಸ್ತ್ರಿಯವರೂ ಅದನ್ನೇ ಹೇಳಿದರು: “ಸಾರ್, ಹೆಡ್ಡು ಕೂತಿರೋದು ಸರಿಯಿಲ್ಲ. ಮೊದಲು ಬ್ಲಾಕಿನ ಮುಖ ನೋಡೋಣ.”

ಬ್ಲಾಕಿನ ಮೇಲೆ ನೇರಪಟ್ಟಿ ಇಟ್ಟು ಸಂದಿ ಅಳೆಯುವ ಫೀಲರ್ ಗೇಜ್ ತೂರಿಸಿ ನೋಡಿದಾಗ, ನಡುವಿನ ಸ್ಟಡ್ಡುಗಳ (ಹೆಡ್ಡನ್ನು ಹಿಡಿಯಲು ಬ್ಲಾಕಿನಲ್ಲಿ ಕೂರಿಸಿದ ಥ್ರೆಡ್ಡಿನ ಸರಳುಗಳ) ಬುಡದಲ್ಲಿ ಎರಕದ ಕಬ್ಬಿಣ ಸಣ್ಣ ದಿಬ್ಬದಂತೆ ಮೇಲೆದ್ದಿತ್ತು. ಎತ್ತರ ಇಂಚಿನ ಸಾವಿರದಲ್ಲಿ ಮೂರು ಭಾಗವಷ್ಟೇ. ಆದರೂ ಆ ದಿಬ್ಬಗಳ ಮೇಲೆ ಕುಳಿತ ಹೆಡ್ಡು ಸಿಲಿಂಡರಿನ ಅಂಚನ್ನು ಸಾಕಷ್ಟು ಒತ್ತಲಾರದು. ಸ್ಟಡ್ಡನ್ನು ಅತಿಯಾಗಿ ಬಿಗಿದಾಗ ಅದು ಬ್ಲಾಕಿನ ಮೇಲ್ಮೈಯನ್ನೇ ತನ್ನೊಡನೆ ಎಳೆದುಕೊಂಡು ಬರುತ್ತದೆ. ಎರಡು ಸ್ಟಡ್ಡುಗಳ ಕತ್ತು ಸಣ್ಣಗಾಗಿತ್ತು. ಬರಿಗೈಯಲ್ಲಿ ನಟ್ ತಿರುಗಿಸುತ್ತ ಬಂದರೆ ಆ ಜಾಗದಲ್ಲಿ ಅದು ತಡೆದು ನಿಲ್ಲುತ್ತಿತ್ತು. ಸೋರಿದ್ದು ಸಡಿಲದಿಂದಲ್ಲ, ಅತಿಬಿಗಿತದಿಂದ ಎಂಬುದು ಇಲ್ಲಿಗೆ ಖಚಿತವಾಯಿತು. ಹಾಗಾದರೆ ಸರಿಯಾದ ಬಿಗಿತ ಎಷ್ಟು?

ಇದು ಯಾವ ಎಂಜಿನ್?

ಈ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿದೆ ಎಂದು ನಾವು ಭಾವಿಸಿದ್ದೆವು. ಮೈನರ್ ಕಾರಿಗೆ ತಯಾರಕರೇ ಹೊರತಂದ ವರ್ಕ್‌ಶಾಪ್ ಕೈಪಿಡಿಯ ಸಂಖ್ಯೆ ಎಕೆಡಿ 530. ತೋಟದ ಮನೆಯಲ್ಲಿದ್ದದ್ದು ಅದರ ಹಳೆಯ ಮುದ್ರಣ. ಆ ಪುಸ್ತಕ ಸೈಡ್ ವಾಲ್ವ್ ಕಾಲದ ಮೈನರನ್ನೂ ಅನಂತರದವುಗಳನ್ನೂ ಒಟ್ಟಿಗೆ ವಿವರಿಸುವುದರಿಂದ, ಎಂಜಿನ್ ಯಾವುದೆಂದು ತಿಳಿಯದೆ ಪುಟ ತೆರೆದವರು ಬೇರೊಂದು ಎಂಜಿನ್ನಿನ ಅಂಕಿಯನ್ನು ಎತ್ತಿಕೊಳ್ಳುವುದು ಬಹಳ ಸುಲಭ.

ಕಾಗದಗಳೆಲ್ಲ 948 ಸಿಸಿ ಎಂದೇ ಹೇಳುತ್ತಿದ್ದವು. ಬಾನೆಟ್ ಒಳಗಿನ ತಗಡಿನಲ್ಲಿದ್ದ ಕಾರಿನ ಸಂಖ್ಯೆ ಎಂಎ2ಎಸ್3 ಎಂದು ಆರಂಭವಾಗುತ್ತಿತ್ತು. ಅದು 948 ಸಿಸಿ ಕಾಲದ ಎರಡು ಬಾಗಿಲಿನ ಮೈನರಿನ ಗುರುತು. ಆರ್‌ಸಿ ಪುಸ್ತಕದಲ್ಲಿ ಬರೆದಿದ್ದ ಎಂಜಿನ್ ಸಂಖ್ಯೆ 9ಎಂ-ಯು-ಎಚ್ ಎಂದು ಮೊದಲಾಗುತ್ತಿತ್ತು. ಇಲ್ಲಿ 9 ಎಂಬುದು ಗಾತ್ರವನ್ನು, ಎಂ ಎಂಬುದು ಮಾರಿಸ್ ಕಂಪನಿಯನ್ನು, ಕೊನೆಯ ಎಚ್ ಹೆಚ್ಚಿನ ಕಂಪ್ರೆಷನ್ನನ್ನು ಸೂಚಿಸುತ್ತದೆ. ಆದರೆ ಬ್ಲಾಕಿಗೆ ರಿವೆಟ್ ಮಾಡಿರಬೇಕಾದ ಎಂಜಿನ್ ಸಂಖ್ಯೆಯ ತಗಡು ಅಲ್ಲಿರಲಿಲ್ಲ, ರಿವೆಟ್ಟಿನ ತೂತುಗಳಷ್ಟೇ ಇದ್ದವು. ಅಂದರೆ ಎಲ್ಲ ಸಾಕ್ಷ್ಯವೂ ಕಾರಿನ ಬಗ್ಗೆ ಇತ್ತೇ ಹೊರತು, ನಮ್ಮ ಮುಂದೆ ಸ್ಟ್ಯಾಂಡಿನ ಮೇಲಿದ್ದ ಎಂಜಿನ್ನಿನ ಬಗ್ಗೆ ಒಂದೂ ಇರಲಿಲ್ಲ. ಈ ವ್ಯತ್ಯಾಸ ಆಗ ನಮ್ಮ ಗಮನಕ್ಕೆ ಬರಲಿಲ್ಲ.

ಗಮನಕ್ಕೆ ತಂದದ್ದು ಒಂದು ಇಲ್ಲದ ಬೋಲ್ಟು. ಕೈಪಿಡಿಯ 948 ಸಿಸಿ ಪಟ್ಟಿಯಲ್ಲಿ ಗಜನ್ ಪಿನ್ನಿನ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಪಿನ್ನಿನ) ಕ್ಲ್ಯಾಂಪ್ ಬೋಲ್ಟಿಗೆ 25 ಪೌಂಡ್-ಅಡಿ ಎಂದಿದೆ. ಆ ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡಿನ ಮೇಲ್ತುದಿ ಸೀಳಿದ್ದು, ಒಂದು ಬೋಲ್ಟು ಅದನ್ನು ಪಿನ್ನಿನ ಸುತ್ತ ಬಿಗಿಹಿಡಿಯುತ್ತದೆ. ಪಿಸ್ಟನ್‌ಗಳನ್ನು ಹೊರತೆಗೆದಾಗ ಅಂಥ ಬೋಲ್ಟು ಎಲ್ಲಿಯೂ ಕಾಣಲಿಲ್ಲ. ಪಿನ್ನು ರಾಡಿನಲ್ಲಿ ಸಡಿಲವಾಗಿ ತಿರುಗುತ್ತಿತ್ತು, ಅದರ ಎರಡೂ ತುದಿಗೆ ಪಿಸ್ಟನ್ನಿನಲ್ಲಿ ಸರ್‌ಕ್ಲಿಪ್‌ಗಳಿದ್ದವು. ಬಿಗಿಯಬೇಕಾದ ಬೋಲ್ಟೇ ಇಲ್ಲದ ಮೇಲೆ ಅದಕ್ಕೊಂದು ಅಂಕಿ ಕೊಡುವ ಪುಟ ಈ ಎಂಜಿನ್ನಿನದಾಗಿರಲು ಸಾಧ್ಯವಿಲ್ಲ.

ಅಲ್ಲಿಂದ ಅಳತೆಗೆ ಇಳಿದೆವು. 948 ಸಿಸಿ ಎಂಜಿನ್ನಿನ ಮೂಲ ಬೋರ್ (ಸಿಲಿಂಡರಿನ ಒಳವ್ಯಾಸ) 62.94 ಮಿ.ಮೀ., 1098ರದ್ದು 64.58 ಮಿ.ಮೀ. ನಮ್ಮ ಬ್ಲಾಕಿನಲ್ಲಿ ಸಿಕ್ಕಿದ್ದು 65.1 ಮಿ.ಮೀ.; ಅಂದರೆ 1098ರ ಬ್ಲಾಕನ್ನು ಇಂಚಿನ ಸಾವಿರದಲ್ಲಿ ಇಪ್ಪತ್ತು ಭಾಗ ಹಿಗ್ಗಿಸಿ ಕೊರೆದಂತಿತ್ತು. ಆದರೂ ಬೋರ್ ಒಂದನ್ನೇ ನೆಚ್ಚಿಕೊಳ್ಳಬಾರದು. ಅರವತ್ತು ವರ್ಷದ ಬ್ಲಾಕು ಎಷ್ಟು ಸಲ ಕೊರೆಸಿಕೊಂಡಿದೆ, ಎಷ್ಟು ಸಲ ಸ್ಲೀವ್ ಹಾಕಿಸಿಕೊಂಡಿದೆ ಎಂದು ಹೇಳುವವರು ಯಾರೂ ಇರುವುದಿಲ್ಲ. ಕ್ರ್ಯಾಂಕಿನ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡದ) ಮೇನ್ ಬೇರಿಂಗ್ ವ್ಯಾಸವೂ ಇಲ್ಲಿ ನೆರವಿಗೆ ಬರುವುದಿಲ್ಲ, ಮೈನರಿನ ಎರಡೂ ಎಂಜಿನ್ನುಗಳಲ್ಲಿ ಅದು ಒಂದೂಮುಕ್ಕಾಲು ಇಂಚೇ. ಯಾವ ಲೇತ್ ಅಂಗಡಿಯವರೂ ಸಾಮಾನ್ಯವಾಗಿ ಬದಲಿಸದ ಅಳತೆಯೆಂದರೆ ಸ್ಟ್ರೋಕ್, ಅಂದರೆ ಪಿಸ್ಟನ್ನು ಮೇಲೆ ಕೆಳಗೆ ಚಲಿಸುವ ದೂರ. ಪಿಸ್ಟನ್ನು ತುತ್ತತುದಿಯಲ್ಲಿದ್ದಾಗ ಮತ್ತು ತೀರ ಕೆಳಗಿದ್ದಾಗ ಬ್ಲಾಕಿನ ಮುಖದಿಂದ ಅದರ ಆಳ ಅಳೆದು ಕಳೆದರೆ ಸಾಕು. 948ರಲ್ಲಿ ಅದು 76.2 ಮಿ.ಮೀ., 1098ರಲ್ಲಿ 83.72 ಮಿ.ಮೀ. ಅದೃಷ್ಟವಶಾತ್ ನಾವು ಒಂದು ಪಿಸ್ಟನ್ನನ್ನು ಇನ್ನೂ ತೆಗೆದಿರಲಿಲ್ಲ. ಸಿಕ್ಕಿದ ಅಂಕಿ 83.7. ಕ್ಲಚ್ಚಿನ ತಟ್ಟೆಯನ್ನೂ ಅಳೆದೆವು: 948ರಲ್ಲಿರುವ ಆರೂಕಾಲು ಇಂಚಿನದಲ್ಲ, 1098ರ ಏಳೂಕಾಲು ಇಂಚಿನದು. ಎಂದೋ ಯಾರೋ ಮೂಲ ಎಂಜಿನ್ನನ್ನು ತೆಗೆದು, ಅದಕ್ಕಿಂತ ಹೊಸ ಕಾರಿನ ಎಂಜಿನ್ನನ್ನು ಕೂರಿಸಿದ್ದರು. (ಇಂಥ ಬದಲಾವಣೆ ಆರ್‌ಸಿ ಪುಸ್ತಕದಲ್ಲಿ ನಮೂದಾಗಬೇಕು, ಮಾಲೀಕರು ಆ ಕೆಲಸವನ್ನು ಪ್ರತ್ಯೇಕವಾಗಿ ಆರಂಭಿಸಿದರು.)

ಹಳೆಯ ಕಾರುಗಳ ಇನ್ನೊಬ್ಬ ಆಸಕ್ತರಿಂದ ಅದೇ ಕೈಪಿಡಿಯ, 1098 ಸಿಸಿಯನ್ನೂ ಒಳಗೊಂಡ ಮುಂದಿನ ಮುದ್ರಣವನ್ನು ತರಿಸಿ ನೋಡಿದೆವು. ಹೆಡ್ಡಿನ ನಟ್ಟುಗಳಿಗೆ 40 ಪೌಂಡ್-ಅಡಿ, ಮೇನ್ ಬೇರಿಂಗ್ ಬೋಲ್ಟುಗಳಿಗೆ 60, ಬಿಗ್ ಎಂಡ್ (ಕನೆಕ್ಟಿಂಗ್ ರಾಡಿನ ಕೆಳತುದಿ) ಬೋಲ್ಟುಗಳಿಗೆ 35, ಫ್ಲೈವ್ಹೀಲಿಗೆ 40, ಕ್ರ್ಯಾಂಕ್ ಪುಲ್ಲಿಗೆ 70. ಹಳೆಯ ಮುದ್ರಣದ ಅಂಕಿಗಳೇ ಇವು. ಹಾಗಾದರೆ ಇಷ್ಟೆಲ್ಲ ಅಳೆದದ್ದು ವ್ಯರ್ಥವಾಯಿತೇ ಎಂದು ಮಾಲೀಕರು ಕೇಳಿದರು. ನನ್ನ ಉತ್ತರ ಇಷ್ಟೇ: ಅಂಕಿಗಳು ಒಂದೇ ಎಂಬುದು ಅಳೆಯುವ ಮುಂಚೆ ನಮಗೆ ಗೊತ್ತಿರಲಿಲ್ಲ. ಅಲ್ಲದೆ ಪಿಸ್ಟನ್, ರಿಂಗ್ ಮುಂತಾದವುಗಳನ್ನು 948ಕ್ಕೆಂದು ತರಿಸಿದ್ದರೆ ಅವು ಮೂಲೆಗೆ ಬೀಳುತ್ತಿದ್ದವು.

ಐವತ್ತು ಎಲ್ಲಿಂದ ಬಂತು?

ಟಿಪ್ಪಣಿ ಪುಸ್ತಕದ 5.5ರ ಗುಟ್ಟು ಬೇಗ ಬಿಟ್ಟುಕೊಂಡಿತು. ಒಂದು ಪೌಂಡ್-ಅಡಿ ಎಂದರೆ 0.138 ಕಿಲೋಗ್ರಾಂ-ಮೀಟರ್, 40 ಪೌಂಡ್-ಅಡಿ 5.53 ಆಗುತ್ತದೆ. ಅಂದರೆ ಮೊದಲ ಮಾಲೀಕರು ಕೈಪಿಡಿಯ ಅಂಕಿಯನ್ನೇ ಮೆಟ್ರಿಕ್ಕಿನಲ್ಲಿ ಬರೆದಿಟ್ಟಿದ್ದರು. ಇಂದಿನ ನ್ಯೂಟನ್-ಮೀಟರಿನಲ್ಲಿ ಅದು 54. ಮಾನವನ್ನು ಬರೆಯದೆ ಅಂಕಿಯನ್ನಷ್ಟೇ ಬರೆದಿಡುವುದು ಎಷ್ಟು ಅಪಾಯಕರ ಎಂಬುದಕ್ಕೆ ಈ ಒಂದು ಸಾಲು ಸಾಕು. ನ್ಯೂಟನ್-ಮೀಟರಿನ ಅಳತೆಪಟ್ಟಿ ಮಾತ್ರ ಇರುವ ಟಾರ್ಕ್ ರೆಂಚು (ಹೊಂದಿಸಿದ ಅಂಕಿ ಮುಟ್ಟಿದಾಗ ‘ಕ್ಲಿಕ್’ ಎನ್ನುವ ಪಾನಾ) ಹಿಡಿದ ಹುಡುಗ 40 ಎಂಬುದನ್ನು ಹಾಗೇ ಹೊಂದಿಸಿದರೆ ಹೆಡ್ಡಿಗೆ ಸಿಗುವುದು 29.5 ಪೌಂಡ್-ಅಡಿ ಮಾತ್ರ.

50ರ ಮೂಲ ಹುಡುಕುವುದು ಇಷ್ಟು ಸರಳವಾಗಿರಲಿಲ್ಲ. ಹಿಂದಿನ ಗ್ಯಾರೇಜಿನವರು ಅದನ್ನು ಕಲ್ಪಿಸಿ ಬರೆದರೆಂದು ನಾನು ನಂಬುವುದಿಲ್ಲ, ಏಕೆಂದರೆ ಆ ಅಂಕಿ ನಿಜವಾಗಿಯೂ ಹತ್ತಿರದ ನೆಂಟರ ಮನೆಯಲ್ಲಿದೆ. ‘ಎ’ ಸರಣಿಯ ಎಂಜಿನ್ 1951ರಲ್ಲಿ ಆಸ್ಟಿನ್ ಎ30 ಕಾರಿನಲ್ಲಿ ಹುಟ್ಟಿ, 2000ದವರೆಗೆ ಮಿನಿ ಕಾರಿನಲ್ಲಿ ಬದುಕಿತ್ತು. ಆ ಕುಟುಂಬದ ದೊಡ್ಡಣ್ಣನಾದ 1275 ಸಿಸಿ ಎಂಜಿನ್ನಿನಲ್ಲಿ, ತುದಿಯಲ್ಲಿ 22 ಎಂಬ ಮುದ್ರೆಯೋ ಸಣ್ಣ ಗುಳಿಯೋ ಇರುವ ಗಟ್ಟಿ ಉಕ್ಕಿನ ಸ್ಟಡ್ಡುಗಳಿದ್ದರೆ ಹೆಡ್ಡನ್ನು 50 ಪೌಂಡ್-ಅಡಿಗೆ ಬಿಗಿಯಬೇಕು. ಎಂಜಿಬಿ ಕಾರಿನ ‘ಬಿ’ ಸರಣಿಯ ಎಂಜಿನ್ನಿಗೂ 50 ಎಂಬ ಅಂಕಿ ಸಿಗುತ್ತದೆ. ‘ಎ’ ಸರಣಿಯ ಹೆಡ್ಡಿನ ಟಾರ್ಕ್ ಎಷ್ಟು ಎಂದು ಯಾರನ್ನಾದರೂ ಕೇಳಿದರೆ, ಅವರು ಓಡಿಸಿದ ಎಂಜಿನ್ನಿಗೆ ತಕ್ಕಂತೆ 40 ಅಥವಾ 50 ಎಂಬ ಉತ್ತರ ಬರುತ್ತದೆ, ಮತ್ತು ಇಬ್ಬರೂ ಸರಿಯಾಗಿಯೇ ಹೇಳಿರುತ್ತಾರೆ. ನಮ್ಮ ಸ್ಟಡ್ಡುಗಳ ತುದಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಭೂತಗನ್ನಡಿಯಲ್ಲಿ ನೋಡಿದೆವು. 22 ಇರಲಿಲ್ಲ, ಗುಳಿಯೂ ಇರಲಿಲ್ಲ.

ಸಾಮಾನ್ಯ ಪಟ್ಟಿಯನ್ನು ನೋಡಿ ಬಿಗಿಯಬಹುದಲ್ಲ ಎಂಬ ಸಲಹೆಯೂ ಬಂತು. ಬೋಲ್ಟಿನ ವ್ಯಾಸ, ಥ್ರೆಡ್ಡು ಮತ್ತು ಉಕ್ಕಿನ ದರ್ಜೆಗೆ ಇಷ್ಟು ಟಾರ್ಕ್ ಎಂದು ಹೇಳುವ ಪಟ್ಟಿಗಳು ಎಲ್ಲ ಕಡೆ ಇವೆ. ತಯಾರಕರ ಅಂಕಿ ಎಲ್ಲಿಯೂ ಸಿಗದಿದ್ದಾಗ ಅವು ಒಂದು ಮಿತಿಯನ್ನು ತೋರಿಸುತ್ತವೆ ಎಂಬುದೂ ನಿಜ. ಆದರೆ ಪಟ್ಟಿಗೆ ಬೋಲ್ಟು ಗೊತ್ತು, ಬೋಲ್ಟು ಏನನ್ನು ಹಿಡಿದಿದೆ ಎಂಬುದು ಗೊತ್ತಿಲ್ಲ. ಇದೇ ಎಂಜಿನ್ನಿನ ಟ್ಯಾಪೆಟ್ ಬದಿಯ ಮುಚ್ಚಳಗಳನ್ನು ನೋಡಿ: ತೆಳು ತಗಡು, ಅದರಡಿ ಕಾರ್ಕ್ ಗ್ಯಾಸ್ಕೆಟ್. ಕೈಪಿಡಿ ಅದಕ್ಕೆ ಕೊಡುವುದು 2 ಪೌಂಡ್-ಅಡಿ ಮಾತ್ರ. ಬೋಲ್ಟಿನ ಗಾತ್ರ ನೋಡಿ ಪಟ್ಟಿಯ ಅಂಕಿಯನ್ನು ಹಾಕಿದರೆ ತಗಡು ಬಾಗಿ, ಕಾರ್ಕು ಹಿಂಡಿ ಹೊರಬಂದು, ಎಣ್ಣೆ ಧಾರೆಯಾಗಿ ಇಳಿಯುತ್ತದೆ. ರಾಕರ್ ಪೀಠದ (ವಾಲ್ವುಗಳನ್ನು ಒತ್ತುವ ತೋಳುಗಳ ಆಧಾರದ) 5/16 ಇಂಚಿನ ನಟ್ಟಿನ ವಿಷಯದಲ್ಲಿ ಇದಕ್ಕೆ ತದ್ವಿರುದ್ಧ: ಮಧ್ಯಮ ದರ್ಜೆಯ ಬೋಲ್ಟಿಗೆ ಪಟ್ಟಿ ಹೇಳುವುದು ಸುಮಾರು 19, ಕೈಪಿಡಿ ಹೇಳುವುದು 25. ಟಾರ್ಕ್ ಅಂಕಿ ಬೋಲ್ಟಿಗೆ ಸೇರಿದ್ದಲ್ಲ, ಅದು ಬಿಗಿಹಿಡಿಯುವ ಜೋಡಣೆಗೆ ಸೇರಿದ್ದು ಎಂದು ಈ ಎರಡು ಉದಾಹರಣೆಗಳನ್ನು ಕಂಡ ಮೇಲೆ ನಾನು ಖಚಿತವಾಗಿ ಹೇಳಬಲ್ಲೆ.

ಎಣ್ಣೆ, ಗ್ರೀಸು, ಮತ್ತು ಒಂದು ಪರಕೀಯ ನಟ್ಟು

ಹಳೆಯ ಸ್ಟಡ್ಡುಗಳ ಥ್ರೆಡ್ಡಿನಲ್ಲಿ ಕಪ್ಪು ಮಾಲಿಬ್ಡಿನಮ್ ಗ್ರೀಸಿನ ಉಳಿಕೆ ಇತ್ತು. ಇದು ಸಣ್ಣ ವಿಷಯವಲ್ಲ. ನಾವು ರೆಂಚಿಗೆ ಹಾಕುವ ಶ್ರಮದಲ್ಲಿ ಹತ್ತರಲ್ಲೊಂದು ಭಾಗದಷ್ಟೇ ಸ್ಟಡ್ಡನ್ನು ಎಳೆದು ಹೆಡ್ಡನ್ನು ಒತ್ತುತ್ತದೆ. ಸುಮಾರು ಅರ್ಧ ನಟ್ಟಿನ ಅಡಿಯ ಉಜ್ಜಾಟಕ್ಕೆ ಹೋಗುತ್ತದೆ, ಮಿಕ್ಕದ್ದು ಥ್ರೆಡ್ಡಿನ ಉಜ್ಜಾಟಕ್ಕೆ. ಉಜ್ಜಾಟ ಸ್ವಲ್ಪ ಕಡಿಮೆಯಾದರೆ, ಉಳಿದ ಶ್ರಮವೆಲ್ಲ ಸ್ಟಡ್ಡನ್ನು ಎಳೆಯುವ ಕಡೆಗೆ ತಿರುಗುತ್ತದೆ. ರೆಂಚಿನ ಅಂಕಿ ಮಾತ್ರ ಅದೇ ಇರುತ್ತದೆ.

ಇಂಜಿನಿಯರುಗಳು ಬಳಸುವ ಸರಳ ಸೂತ್ರದಲ್ಲಿ ಎಳೆತದ ಬಲ ಎಂದರೆ ಟಾರ್ಕನ್ನು ವ್ಯಾಸದಿಂದಲೂ ಘರ್ಷಣೆಯನ್ನು ಅವಲಂಬಿಸಿದ ಒಂದು ಅಂಕದಿಂದಲೂ ಭಾಗಿಸಿದ್ದು. ಒಣಗಿದ ಉಕ್ಕಿಗೆ ಆ ಅಂಕ ಸುಮಾರು 0.20, ಚೆನ್ನಾಗಿ ಜಾರುವ ಥ್ರೆಡ್ಡಿಗೆ ಸುಮಾರು 0.15. 3/8 ಇಂಚಿನ, ಅಂದರೆ 9.525 ಮಿ.ಮೀ. ಸ್ಟಡ್ಡಿಗೆ 40 ಪೌಂಡ್-ಅಡಿಯನ್ನು ಒಣಗಿದ ಸ್ಥಿತಿಯಲ್ಲಿ ಹಾಕಿದರೆ ಎಳೆತ ಸುಮಾರು 28 ಕಿಲೋನ್ಯೂಟನ್. ಹೆಚ್ಚುಕಡಿಮೆ 2,900 ಕಿಲೋ ಭಾರ. ಅದೇ ಸ್ಟಡ್ಡಿಗೆ ಗ್ರೀಸು ಬಳಿದು 50 ಪೌಂಡ್-ಅಡಿ ಹಾಕಿದರೆ 47 ಕಿಲೋನ್ಯೂಟನ್, ಅಂದರೆ 4,800 ಕಿಲೋ. ಇದು ಅಂದಾಜು ಲೆಕ್ಕವೇ. ನಿಜವಾದ ಘರ್ಷಣೆ ಸ್ಟಡ್ಡಿನಿಂದ ಸ್ಟಡ್ಡಿಗೆ ಬದಲಾಗುತ್ತದೆ. ಆದರೂ ಬ್ಲಾಕಿನ ಮುಖ ಏಕೆ ದಿಬ್ಬವಾಗಿ ಎದ್ದಿತು ಎಂಬುದಕ್ಕೆ ನನಗೆ ಬೇರೆ ವಿವರಣೆ ಬೇಕೆನಿಸಲಿಲ್ಲ. ಅಂಕಿಯನ್ನು ಕಾಲು ಪಾಲು ಹೆಚ್ಚಿಸಿದವರು, ಗ್ರೀಸಿನ ಮೂಲಕ ತಮಗೆ ಅರಿವಿಲ್ಲದೆಯೇ ಎಳೆತವನ್ನು ಒಂದೂವರೆ ಪಟ್ಟಿಗೂ ಮೀರಿಸಿದ್ದರು.

ಇದಕ್ಕೆ ವಿರುದ್ಧವಾದ ತಪ್ಪೂ ಅದೇ ಎಂಜಿನ್ನಿನಲ್ಲಿತ್ತು. ಈ ಎಂಜಿನ್ನಿನ ಬೋಲ್ಟು ನಟ್ಟುಗಳು ಬಹುಪಾಲು ಯುಎನ್‌ಎಫ್ ಥ್ರೆಡ್ಡಿನವು. ಅಮೆರಿಕ, ಬ್ರಿಟನ್ ಮತ್ತು ಕೆನಡಾ ದೇಶಗಳು 1948ರಲ್ಲಿ ಒಪ್ಪಿಕೊಂಡ ಏಕರೂಪದ ಥ್ರೆಡ್ಡು ಅದು. ರಾಕರ್ ಪೀಠದ ಒಂದು ನಟ್ಟಿಗೆ ನಮ್ಮ ಅರ್ಧ ಇಂಚಿನ ಸಾಕೆಟ್ಟು ಹೊಂದಲಿಲ್ಲ, 13 ಮಿ.ಮೀ. ಸಾಕೆಟ್ಟು ಬಿಗಿಯಾಗಿ ಕೂತಿತು. ಪಿಚ್ (ಥ್ರೆಡ್ಡಿನ ಸುತ್ತುಗಳ ನಡುವಿನ ಅಂತರ) ಅಳೆಯುವ ಗೇಜ್ ಇಟ್ಟು ನೋಡಿದಾಗ ಅದು ಎಂ8, ಒಂದು ಮಿ.ಮೀ. ಪಿಚ್ಚಿನ ಮೆಟ್ರಿಕ್ ನಟ್ಟು ಎಂದು ತಿಳಿಯಿತು. 5/16 ಇಂಚಿನ ಯುಎನ್‌ಎಫ್ ಸ್ಟಡ್ಡಿನ ವ್ಯಾಸ 7.94 ಮಿ.ಮೀ., ಇಂಚಿಗೆ 24 ಸುತ್ತು. ಅಂದರೆ ಪಿಚ್ಚು 1.058 ಮಿ.ಮೀ. ಇಷ್ಟು ಹತ್ತಿರವಿರುವುದರಿಂದ ಆ ನಟ್ಟು ಮೊದಲ ಕೆಲವು ಸುತ್ತು ಸಲೀಸಾಗಿ ಏರುತ್ತದೆ. ಆಮೇಲೆ ಪಿಚ್ಚಿನ ವ್ಯತ್ಯಾಸ ಕೂಡುತ್ತ ಹೋಗಿ ಥ್ರೆಡ್ಡುಗಳು ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಆಗ ರೆಂಚು ‘ಕ್ಲಿಕ್’ ಎನ್ನುತ್ತದೆ. ಕೇಳಿದವರು ಬಿಗಿಯಾಯಿತು ಎಂದುಕೊಳ್ಳುತ್ತಾರೆ. ಪೀಠವನ್ನು ಆ ನಟ್ಟು ಒತ್ತಿಯೇ ಇರುವುದಿಲ್ಲ. ಕೈಯಲ್ಲಿ ಅಲುಗಾಡಿಸಿದಾಗ ಆ ಪೀಠ ಸಣ್ಣಗೆ ಕದಲಿದ್ದನ್ನು ಮೇಸ್ತ್ರಿಯವರು ಮೊದಲ ದಿನವೇ ಗುರುತಿಸಿದ್ದರು. ಕಾರಣ ತಿಳಿದದ್ದು ಈಗ.

ಪಾನಾಗಳ ವಿಷಯವೂ ಇದಕ್ಕೆ ಅಂಟಿಕೊಂಡಿದೆ. ಹೆಡ್ಡಿನ ನಟ್ಟುಗಳು 9/16 ಇಂಚಿನವು, ಎಂದರೆ 14.3 ಮಿ.ಮೀ. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಈಗ ಇಂಚಿನ ಸಾಕೆಟ್ಟುಗಳು ಅಪರೂಪವಾಗಿವೆ. 14 ಕೂರುವುದಿಲ್ಲ, 15 ಹಾಕಿದರೆ ಮೂಲೆಗಳು ಉರುಟಾಗುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ದಿನ ಸುತ್ತಿ ಇಂಚಿನ ಒಂದು ಪೂರ್ತಿ ಸೆಟ್ ತಂದೆವು. ಈ ಕೆಲಸದಲ್ಲಿ ಖರ್ಚು ಮಾಡಿದ ಹಣದಲ್ಲಿ ಅದಕ್ಕಿಂತ ಸಾರ್ಥಕವಾದದ್ದು ಬೇರೊಂದಿಲ್ಲ.

ರೆಂಚನ್ನು ತೂಕಕ್ಕೆ ಹಾಕಿದ್ದು

ಅಂಕಿ ಗೊತ್ತಾಯಿತು, ಸ್ಟಡ್ಡು ಗೊತ್ತಾಯಿತು. ಆದರೆ ನಮ್ಮ ರೆಂಚು ತೋರಿಸುವ 40 ನಿಜವಾದ 40 ಹೌದೇ? ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 6789 ಇಂಥ ರೆಂಚಿಗೆ ಶೇಕಡಾ 4ರಷ್ಟು ಆಚೀಚೆಗೆ ಅವಕಾಶ ಕೊಡುತ್ತದೆ. ನಮ್ಮದು ಹತ್ತು ವರ್ಷದಿಂದ ಪೆಟ್ಟಿಗೆಯಲ್ಲಿತ್ತು; ಸ್ಪ್ರಿಂಗನ್ನು ಸಡಿಲಿಸದೆಯೇ ಎತ್ತಿಟ್ಟಿದ್ದ ದಿನಗಳೂ ಇದ್ದವು.

ಪರೀಕ್ಷೆಗೆ ದೊಡ್ಡ ಉಪಕರಣ ಬೇಕಿರಲಿಲ್ಲ. ರೆಂಚಿನ ಚೌಕ ತುದಿಯನ್ನು ವೈಸಿನಲ್ಲಿ ಕಚ್ಚಿಸಿ, ಹಿಡಿಯನ್ನು ನೆಲಕ್ಕೆ ಸಮಾನಾಂತರವಾಗಿ ನಿಲ್ಲಿಸಿ, ಚೌಕದ ಮಧ್ಯದಿಂದ ಸರಿಯಾಗಿ 46 ಸೆಂ.ಮೀ. ದೂರದಲ್ಲಿ 12 ಕಿಲೋ ತೂಗುಹಾಕಿದರೆ 5.52 ಕಿಲೋಗ್ರಾಂ-ಮೀಟರ್ ಆಗುತ್ತದೆ, ಅಂದರೆ ಹೆಚ್ಚುಕಡಿಮೆ 40 ಪೌಂಡ್-ಅಡಿಯೇ. ಬೀದಿ ಕೊನೆಯ ದಿನಸಿ ಅಂಗಡಿಯವರು ಸರ್ಕಾರಿ ಮುದ್ರೆಯಿದ್ದ ಹತ್ತು ಕಿಲೋ ಮತ್ತು ಎರಡು ಕಿಲೋ ತೂಕದ ಕಲ್ಲುಗಳನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಕೊಟ್ಟರು. ರೆಂಚಿನ ಸ್ವಂತ ತೂಕವೂ ಕೆಳಕ್ಕೆ ಎಳೆಯುವುದರಿಂದ ಅದನ್ನು ಲೆಕ್ಕದಲ್ಲಿ ಕಳೆಯಬೇಕು, ಕಳೆದೆವು. ರೆಂಚನ್ನು 40ಕ್ಕೆ ಹೊಂದಿಸಿದಾಗ ಕ್ಲಿಕ್ ಆಗಲಿಲ್ಲ, 37ಕ್ಕೆ ಇಳಿಸಿದಾಗ ಆಯಿತು. ಅಂದರೆ ಅದು 40 ಎನ್ನುವಲ್ಲಿ ನಿಜಕ್ಕೂ 43ರಷ್ಟು ಬಿಗಿಯುತ್ತಿತ್ತು. ಅದನ್ನು ಮಾಪನ ತಪಾಸಣೆಯ ಪ್ರಯೋಗಾಲಯಕ್ಕೆ ಕಳುಹಿಸಿ ಸರಿಪಡಿಸಿಕೊಂಡ ಮೇಲೆಯೇ ಜೋಡಣೆಗೆ ಇಳಿದೆವು.

ಸಣ್ಣ ಅಂಕಿಗಳಿಗೆ ಈ ರೆಂಚು ನಿರುಪಯೋಗಿ. ಅಳತೆಪಟ್ಟಿಯ ಕೆಳಗಿನ ಐದರಲ್ಲೊಂದು ಭಾಗದಲ್ಲಿ ಯಾವ ದೊಡ್ಡ ರೆಂಚನ್ನೂ ನಂಬಬಾರದು. ಸಂಪಿನ (ಎಂಜಿನ್ನಿನಡಿಯ ಎಣ್ಣೆ ತಟ್ಟೆಯ) ಬೋಲ್ಟಿಗೆ 6, ರಾಕರ್ ಮುಚ್ಚಳಕ್ಕೆ 4 ಪೌಂಡ್-ಅಡಿ. 4 ಎಂದರೆ 48 ಪೌಂಡ್-ಇಂಚು. ಅವಕ್ಕೆ ಪೌಂಡ್-ಇಂಚಿನ ಸಣ್ಣ ರೆಂಚು ಬಳಸಿದೆವು. ಬದಿಯ ಮುಚ್ಚಳದ 2ನ್ನು ಮೇಸ್ತ್ರಿಯವರು ಗಿಡ್ಡ ಪಾನಾವನ್ನು ಎರಡು ಬೆರಳಲ್ಲಿ ಹಿಡಿದು ಬಿಗಿದರು. ಅವರ ಬೆರಳಿನ ಅಂದಾಜನ್ನು ಆಮೇಲೆ ರೆಂಚಿನಲ್ಲಿ ನೋಡಿದಾಗ ಅದು 2ಕ್ಕೆ ತೀರ ಹತ್ತಿರವಿತ್ತು.

ಜೋಡಣೆ

ಬ್ಲಾಕಿನ ಸ್ಟಡ್ ತೂತುಗಳ ಬಾಯನ್ನು ಸ್ವಲ್ಪ ಇಳಿಜಾರಾಗಿ ಕೊರೆಸಿ, ಮುಖವನ್ನು ಮೆಷಿನ್ ಅಂಗಡಿಯಲ್ಲಿ ತೆಳುವಾಗಿ ಹೆರೆಸಿದೆವು. ಬಾಯಿ ಇಳಿಜಾರಾಗಿದ್ದರೆ ಮುಂದೆ ಎಳೆತ ಹೆಚ್ಚಿದರೂ ದಿಬ್ಬ ಗ್ಯಾಸ್ಕೆಟ್ಟನ್ನು ಮುಟ್ಟುವುದಿಲ್ಲ. ಒಂಬತ್ತೂ ಸ್ಟಡ್ಡು, ನಟ್ಟು, ವಾಷರುಗಳು ಹೊಸವು. ಸ್ಟಡ್ಡನ್ನು ಬ್ಲಾಕಿಗೆ ಬೆರಳ ಬಿಗಿತಕ್ಕಷ್ಟೇ ಕೂರಿಸಬೇಕು. ತೂತಿನ ತಳಕ್ಕೆ ಒತ್ತಿ ಬಿಗಿದರೆ ಬುಡದಲ್ಲಿ ಬ್ಲಾಕು ಸೀಳಬಹುದು. ತೂತಿನ ತಳದಲ್ಲಿ ಎಣ್ಣೆಯೋ ನೀರೋ ನಿಂತಿಲ್ಲವೆಂದು ಗಾಳಿ ಊದಿ ಖಾತ್ರಿ ಮಾಡಿಕೊಂಡೆವು.

ಮೇನ್ ಬೇರಿಂಗ್ ಮುಚ್ಚಳಗಳನ್ನು 60ಕ್ಕೆ ಬಿಗಿಯುವಾಗ ಒಂದೊಂದು ಮುಚ್ಚಳವಾದ ಮೇಲೂ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ ನೋಡಿದೆವು. ಎಲ್ಲವನ್ನೂ ಬಿಗಿದ ಮೇಲೆ ಕ್ರ್ಯಾಂಕ್ ಹಿಡಿದುಕೊಂಡರೆ ತಪ್ಪು ಯಾವುದರಲ್ಲಿ ಎಂದು ಮತ್ತೆ ಹುಡುಕಬೇಕಾಗುತ್ತದೆ. ಬಿಗ್ ಎಂಡಿನ ಬೋಲ್ಟುಗಳಿಗೆ 35 ಹಾಕಿ, ಹೊಸ ಲಾಕ್ ವಾಷರಿನ ಕಿವಿಗಳನ್ನು ಮಡಚಿದೆವು. ಹಳೆಯ ಲಾಕ್ ವಾಷರನ್ನು ಮತ್ತೆ ಬಳಸಬಾರದು. ಅದರ ಕಿವಿ ಮುರಿಯುವ ಭಯ ಒಂದು ಕಡೆಗಿರಲಿ, ಅದರ ಒರಟು ಮೈ ಬೋಲ್ಟಿನ ತಲೆಯಡಿಯ ಘರ್ಷಣೆಯನ್ನೇ ಬದಲಿಸಿಬಿಡುತ್ತದೆ.

ಹೆಡ್ಡಿನ ವಿಷಯದಲ್ಲಿ ಒಂದು ವಿವರ ಗಮನಾರ್ಹ. ಒಂಬತ್ತು ಹೆಡ್ ನಟ್ಟುಗಳಲ್ಲಿ ನಾಲ್ಕು ರಾಕರ್ ಪೀಠಗಳ ಮೇಲೆಯೇ ಕೂರುತ್ತವೆ, ಪ್ರತಿ ಪೀಠಕ್ಕೂ ಅದರ ಜೊತೆ 5/16 ಇಂಚಿನ ಇನ್ನೊಂದು ನಟ್ಟಿದೆ. ಒಂದೇ ಪೀಠದ ಮೇಲೆ ಒಂದಕ್ಕೆ 40, ಇನ್ನೊಂದಕ್ಕೆ 25. ಅಭ್ಯಾಸಬಲದಿಂದ ಎರಡಕ್ಕೂ ಒಂದೇ ಅಂಕಿ ಹಾಕಿದರೆ ಸಣ್ಣ ಸ್ಟಡ್ಡು ತುಂಡಾಗುತ್ತದೆ. ನಾವು ಸಣ್ಣ ನಟ್ಟುಗಳಿಗೆ ಹಳದಿ ಬಣ್ಣದ ಚುಕ್ಕೆ ಇಟ್ಟುಕೊಂಡೆವು. ಥ್ರೆಡ್ಡುಗಳನ್ನು ಒರೆಸಿ, ಒಂಬತ್ತಕ್ಕೂ ಒಂದೇ ಸಮನಾಗಿ ಒಂದೊಂದು ಹನಿ ಎಂಜಿನ್ ಎಣ್ಣೆ ಹಚ್ಚಿದೆವು, ಗ್ರೀಸು ಮುಟ್ಟಲಿಲ್ಲ. ನಡುವಿನಿಂದ ಹೊರಕ್ಕೆ ಸುತ್ತುತ್ತ, ಮೊದಲು 15, ಆಮೇಲೆ 30, ಕೊನೆಗೆ 40. ಕೊನೆಯ ಸುತ್ತಿನಲ್ಲಿ ರೆಂಚನ್ನು ಒಂದೇ ಎಳೆತದಲ್ಲಿ, ನಿಲ್ಲಿಸದೆ, ಕ್ಲಿಕ್ ಆಗುವವರೆಗೆ ತಂದೆವು. ನಡುವೆ ನಿಂತರೆ ನಿಂತ ನಟ್ಟನ್ನು ಮತ್ತೆ ಕದಲಿಸಲು ಹೆಚ್ಚಿನ ಬಲ ಬೇಕಾಗಿ, ಕ್ಲಿಕ್ ಮೊದಲೇ ಕೇಳಿಬಿಡುತ್ತದೆ.

ಎಂಜಿನ್ ಮೊದಲ ಸಲ ಪೂರ್ತಿ ಬಿಸಿಯಾಗಿ, ರಾತ್ರಿಯೆಲ್ಲ ತಣ್ಣಗಾದ ಮೇಲೆ ಅದೇ ಕ್ರಮದಲ್ಲಿ ನಟ್ಟುಗಳನ್ನು ನೋಡಿದಾಗ ಮೂರು ನಟ್ಟುಗಳು ಕೊಂಚ ಕದಲಿ 40ಕ್ಕೆ ಬಂದವು. ಹೆಡ್ಡು ಕೂರುತ್ತಿದ್ದಂತೆ ಟ್ಯಾಪೆಟ್ ಅಂತರವೂ (ರಾಕರಿಗೂ ವಾಲ್ವಿಗೂ ನಡುವಿನ ಸಂದಿ) ಬದಲಾಗುವುದರಿಂದ ಅದನ್ನು 0.012 ಇಂಚಿಗೆ ಮತ್ತೆ ಹೊಂದಿಸಿದೆವು. ಐನೂರು ಕಿಲೋಮೀಟರಿನ ನಂತರ ನೋಡಿದಾಗ ಒಂದೂ ಕದಲಲಿಲ್ಲ. ಶಿರಾಡಿ ಘಾಟಿಯನ್ನು ಎರಡು ಸಲ ಹತ್ತಿ ಬಂದ ಮೇಲೂ ರೇಡಿಯೇಟರಿನ ನೀರು ಇದ್ದಲ್ಲೇ ಇತ್ತು, ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ ಒಂದಕ್ಕೊಂದು ಸಮೀಪವಾಗಿತ್ತು.

ಕಾರನ್ನು ಹಿಂದಿರುಗಿಸುವ ಮುನ್ನ ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದು ಲ್ಯಾಮಿನೇಟ್ ಮಾಡಿಸಿ ಕೈಪಿಡಿಯ ಒಳಗಿಟ್ಟೆವು: ಎಂಜಿನ್ 1098 ಸಿಸಿ, ಬೋರ್ 20 ಸಾವಿರದಂಶ ಹಿಗ್ಗಿಸಿದ್ದು, ಗಜನ್ ಪಿನ್ನಿಗೆ ಕ್ಲ್ಯಾಂಪ್ ಬೋಲ್ಟ್ ಇಲ್ಲ, ಸ್ಟಡ್ಡುಗಳಲ್ಲಿ 22 ಮುದ್ರೆ ಇಲ್ಲ, ಹೆಡ್ 40 ಪೌಂಡ್-ಅಡಿ, 54 ನ್ಯೂಟನ್-ಮೀಟರ್, ಥ್ರೆಡ್ಡಿಗೆ ಎಂಜಿನ್ ಎಣ್ಣೆ ಮಾತ್ರ. ಮೊದಲ ಮಾಲೀಕರ ಟಿಪ್ಪಣಿ ಪುಸ್ತಕದಲ್ಲೂ, ಮನೆಯವರ ಒಪ್ಪಿಗೆ ಪಡೆದು, ‘ಹೆಡ್ 5.5’ ಎಂಬುದರ ಮುಂದೆ ‘ಕಿಲೋಗ್ರಾಂ-ಮೀಟರ್’ ಎಂದು ಸೇರಿಸಿ ದಿನಾಂಕ ಹಾಕಿದೆ.